ಗಡಿ ಬಲ್ಲವನ ಮನೆ

ಹಳೇಬೀಡು ಅಂದರೆ ಹಳೆಯ ಬೀಡು. ಬೀಡು ಅಂದರೆ ದಂಡು ಇಳಿಯುವ ತಾವು, ಅರಸು ಇರುವ ತಾವು, ಒಟ್ಟಿನಲ್ಲಿ ಮನುಷ್ಯ ಬೀಡುಬಿಟ್ಟ ತಾವು. ದ್ವಾರಸಮುದ್ರಕ್ಕೆ 1311ರಲ್ಲಿ ಮಲಿಕ್ ಕಾಫರನ ದಂಡು ನುಗ್ಗಿತು. 1327ರ ಹೊತ್ತಿಗೆ ತುಘಲಕನ ದಂಡು ಬಂದು ಅದು ಮತ್ತೆ ಏಳದ ಹಾಗೆ ಮಾಡಿತು. ಹಾಳಾದ ರಾಜಧಾನಿಗೆ ಜನ ಇಟ್ಟ ಹೆಸರು ಹಳೇಬೀಡು. ಇಡೀ ಊರಿನ ಹೆಸರೇ 'ಹಿಂದೆ ಇದ್ದ ಮನೆ' ಅಂತ. ಸರಿ, ಯಾರ ಮನೆ?

ಈ ಪ್ರಶ್ನೆಗೆ ಕನ್ನಡ ಸಾಹಿತ್ಯ ಉತ್ತರ ಕೊಡದೆ ಬಿಟ್ಟಿಲ್ಲ, ಧಾರಾಳವಾಗಿಯೇ ಕೊಟ್ಟಿದೆ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಓದಿ. ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ' ಓದಿ, 1983ರ ಮೂರ್ತಿದೇವಿ ಪ್ರಶಸ್ತಿ ಪಡೆದ ದೊಡ್ಡ ಕಾದಂಬರಿ ಅದು. ಅರಮನೆಯ ಒಂದು ಕಲ್ಲೂ ಸರಿಯಾಗಿ ನಿಂತಿಲ್ಲದ ಊರಿನಲ್ಲಿ ರಾಣಿಯ ಮನಸ್ಸಿನೊಳಗಿನ ಮಾತೂ ಕಾದಂಬರಿಕಾರನಿಗೆ ಕೇಳಿಸುತ್ತದೆ. ಕಲ್ಪನೆ ಮಾಡಬಾರದು ಅಂತ ನಾನು ಹೇಳುತ್ತಿಲ್ಲ, ಕಾದಂಬರಿಗೆ ಅದು ಬೇಕು. ನನ್ನ ತಕರಾರು ಇಷ್ಟೇ: ಆ ಕಲ್ಪನೆ ಅಂತಃಪುರದ ಬಾಗಿಲು ದಾಟುವಷ್ಟು ಸಲೀಸಾಗಿ ಕೋಟೆಯ ಹೊರಗಿನ ಹಟ್ಟಿಯ ಕಡೆ ಯಾಕೆ ಹೋಗುವುದಿಲ್ಲ? ರಾಣಿಯ ಮನೆಯೂ ಇಲ್ಲ, ಹೊಲೆಯನ ಮನೆಯೂ ಇಲ್ಲ. ಇಲ್ಲವಾಗುವುದರಲ್ಲಿ ಇಬ್ಬರೂ ಸಮ. ಆದರೂ ಒಂದನ್ನು ಕಟ್ಟಿ ನಿಲ್ಲಿಸಲು ನೂರಾರು ಪುಟ ಸಿಗುತ್ತವೆ, ಇನ್ನೊಂದಕ್ಕೆ ಒಂದು ಸಾಲೂ ಸಿಗುವುದಿಲ್ಲ.

ಇದಕ್ಕೆ ಪಂಡಿತರು ಕೊಡುವ ಉತ್ತರ ನಮಗೆ ಗೊತ್ತು. "ಆಧಾರ ಬೇಕಲ್ಲಪ್ಪಾ, ಶಾಸನ ಬೇಕಲ್ಲಪ್ಪಾ" ಅಂತಾರೆ. ಆಗಲಿ, ಆಧಾರವನ್ನೇ ನೋಡೋಣ.

ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೇ ಸಂಪುಟದಲ್ಲಿ 1902ರಲ್ಲಿ ಅಚ್ಚು ಹಾಕಿಸಿದ. ಬೇಲೂರು ತಾಲ್ಲೂಕು, ಅರಸೀಕೆರೆ ತಾಲ್ಲೂಕು ಎರಡೂ ಅದರಲ್ಲಿವೆ. ಅರಸೀಕೆರೆಗೆ ಆ ಕಾಲದಲ್ಲಿ ಇದ್ದ ಹೆಸರು ಉದ್ಭವ ಸರ್ವಜ್ಞ ವಿಜಯ ಬಲ್ಲಾಳಪುರ. ಈ ಹೆಸರನ್ನು ಒಂದೇ ಉಸಿರಿಗೆ ಹೇಳಬಲ್ಲವರು ಆ ಊರಿನಲ್ಲಿ ಎಷ್ಟು ಮಂದಿ ಇದ್ದರೋ! ಅದು ಅಗ್ರಹಾರ. ಹೊಯ್ಸಳರ ಕಾಲದ ಅಗ್ರಹಾರದ ಶಾಸನಗಳು ಅಂದರೆ ವೃತ್ತಿಗಳ ಲೆಕ್ಕ, ಗೋತ್ರ, ಮಹಾಜನರು. ಬೇಲೂರಿಗೆ ಬಂದರೆ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ. ಅಲ್ಲಿ ಮದನಿಕೆಯರ ಕಾಲ ಬಳಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನೋಡಿ, ಎಂಟುನೂರು ಒಂಬೈನೂರು ವರ್ಷ ಆದಮೇಲೂ ದಾಸೋಜನ ಊರು ಯಾವುದು ಅಂತ ನಮಗೆ ಗೊತ್ತು. ಇವತ್ತು ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವೆಗೆ ಬಸ್ಸು ಹತ್ತಿ ಹೋಗಿ "ದಾಸೋಜನ ಊರು ಇದೇ" ಅಂತ ನಿಂತುಕೊಳ್ಳಬಹುದು. ದಾಸೋಜ ದುಡಿಯುವವನೇ, ಉಳಿ ಹಿಡಿದವನೇ. ಅವನ ಹೆಸರು ಉಳಿದದ್ದು ನನಗೆ ಸಂತೋಷದ ವಿಷಯ. ಅವನ ಬೆರಳಿನ ಕೆಲಸದ ಎದುರು ಮಾತು ನಿಲ್ಲುತ್ತದೆ.

ಆದರೆ ಆ ಬಳಪದ ಕಲ್ಲು ತಾನೇ ನಡೆದುಕೊಂಡು ಬೇಲೂರಿಗೆ ಬರಲಿಲ್ಲ. ಅದನ್ನು ಗಣಿಯಿಂದ ಎಬ್ಬಿಸಿದವರು, ಬಂಡಿಗೆ ಏರಿಸಿದವರು, ಸತ್ತ ಎತ್ತಿನ ಚರ್ಮ ಸುಲಿದು ಮಿಣಿ ಹಗ್ಗ ಹೊಸೆದವರು, ದ್ವಾರಸಮುದ್ರದ ಕೆರೆ ಏರಿಗೆ ಮಣ್ಣು ಹೊತ್ತವರು ಇದ್ದೇ ಇದ್ದರು. ದಾನಶಾಸನದಲ್ಲಿ ಭೂಮಿಯ ಎಲ್ಲೆ ಹೇಳುವ ಭಾಗ ಬರುತ್ತದಲ್ಲ, ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಹುತ್ತ, ಪಡುವಲಿಗೆ ನಟ್ಟ ಕಲ್ಲು ಅಂತ. ಆ ಮರಕ್ಕೂ ಹುತ್ತಕ್ಕೂ ಶಾಸನದಲ್ಲಿ ಜಾಗ ಇದೆ. ಆ ಎಲ್ಲೆ ಉದ್ದಕ್ಕೂ ಮುಂದೆ ನಡೆದು ಇದು ಇಲ್ಲಿಂದ ಇಲ್ಲಿಗೆ ಅಂತ ತೋರಿಸಿದ ಮನುಷ್ಯ ಒಬ್ಬ ಇರಬೇಕಲ್ಲ? ಊರ ಸೀಮೆಯ ಪ್ರತಿ ಕಲ್ಲನ್ನೂ ಬಲ್ಲವನು? ಅವನು ಯಾರು, ಎಲ್ಲಿದ್ದ?

ಇದನ್ನು ನಾನು ಬರೀ ಊಹೆಯ ಮೇಲೆ ಕೇಳುತ್ತಿಲ್ಲ. ಆ ಮನುಷ್ಯನ ಬಗ್ಗೆ ಒಂದು ಬರಹ ಇದೆ, ಅದೂ ನಮ್ಮ ಹಾಸನ ಸೀಮೆಯ ಬಗ್ಗೆಯೇ. ನಮ್ಮ ವಿಮರ್ಶಕರು ಸಾಹಿತ್ಯದ ಪಠ್ಯ ಅಂತ ಅದನ್ನು ಎತ್ತಿಕೊಂಡದ್ದು ನನಗೆ ಕಂಡಿಲ್ಲ. ಕ್ಯಾಪ್ಟನ್ ಜೆ.ಎಸ್.ಎಫ್. ಮೆಕೆಂಜಿ ಎಂಬ ಅಧಿಕಾರಿ 1873ರಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಬರೆದದ್ದು. (ಕೈಫಿಯತ್ತು ಕೂಡಿಸಿದ ಕಾಲಿನ್ ಮೆಕೆಂಜಿ ಬೇರೆ, ಈತ ಬೇರೆ.) ಎಡ್ಗರ್ ಥರ್ಸ್ಟನ್ 1909ರಲ್ಲಿ ತನ್ನ ಜಾತಿ-ಬುಡಕಟ್ಟುಗಳ ಸಂಪುಟಗಳನ್ನು ತಂದಾಗ 'ಹೊಲೆಯ' ಎಂಬ ತಲೆಬರಹದಡಿ ಇದರ ದೊಡ್ಡ ಭಾಗವನ್ನು ಎತ್ತಿ ಹಾಕಿಕೊಂಡ. ಹಾಗಾಗಿ ಯಾವುದೇ ದೊಡ್ಡ ಗ್ರಂಥಾಲಯದಲ್ಲಿ ಸಿಗುತ್ತದೆ. ಮೇಷ್ಟ್ರುಗಳು ಒಮ್ಮೆ ಓದಬೇಕು.

ಮೆಕೆಂಜಿ ಹೇಳುವುದು ಇಷ್ಟು. ಪ್ರತಿ ಊರಿಗೂ ಬೇಲಿಯ ಆಚೆ ಒಂದು ಹೊಲಗೇರಿ ಇದೆ. ಹೊಲಗೇರಿಗೆ ಬ್ರಾಹ್ಮಣ ಕಾಲಿಡುವಂತಿಲ್ಲ. ಇಟ್ಟರೆ ಕೇರಿಯವರೆಲ್ಲ ಹೊರಬಂದು ಮೆಟ್ಟಿನಲ್ಲಿ ಹೊಡೆಯುತ್ತಾರೆ, ಹಿಂದಿನ ಕಾಲದಲ್ಲಾದರೆ ಸಾಯುವ ತನಕ ಹೊಡೆಯುತ್ತಿದ್ದರಂತೆ. ಆದರೆ ಯಾರ ಕೈಗೂ ಸಿಕ್ಕದೆ ಕೇರಿ ಹಾಯ್ದು ಹೋದರೆ ದೊಡ್ಡ ಅದೃಷ್ಟ ಅಂತ ಬ್ರಾಹ್ಮಣರ ನಂಬಿಕೆ. ಮಿಕ್ಕ ಜಾತಿಯವರು ಮನೆಯ ಬಾಗಿಲ ತನಕ ಬರಬಹುದು, ಹೊಸಿಲು ದಾಟುವಂತಿಲ್ಲ. ದಾಟಿದರೆ ಮನೆಯವನು ಬಂದವನ ಬಟ್ಟೆ ಹರಿದು, ಅದರ ಸೆರಗಿಗೆ ಒಂದಿಷ್ಟು ಉಪ್ಪು ಕಟ್ಟಿ ಆಚೆ ಕಳಿಸುತ್ತಾನೆ. ಇಲ್ಲದಿದ್ದರೆ ಮನೆಯ ಅದೃಷ್ಟ ಅವನ ಹಿಂದೆ ಹೊರಟುಹೋಗುತ್ತದೆ.

ಈ ಉಪ್ಪಿನ ಮಾತನ್ನು ಓದಿದಾಗ ನಮ್ಮ ಪೂರ್ವಿಕರ ಮನೆಯ ಒಳಗನ್ನು ಮೊದಲ ಸಲ ಕಂಡ ಹಾಗಾಯಿತು. ಒಳಗೆ ಕಳೆದುಕೊಳ್ಳಬಹುದಾದ ಅದೃಷ್ಟ ಅಂತ ಒಂದು ಇತ್ತು. ಮನೆಯವನಿಗೆ ತನ್ನ ಹೊಸಿಲು ಯಾವುದು ಅಂತ ಗೊತ್ತಿತ್ತು. ಸೋಗೆ ಹೊದಿಸಿದ ಮಣ್ಣಿನ ಗೋಡೆಯ ಆ ಮನೆಗೆ ಒಬ್ಬ ಯಜಮಾನ ಇದ್ದ, ಅವನು "ಇಲ್ಲಿಗೆ ನಿಲ್ಲು" ಅಂತ ಹೇಳಬಲ್ಲವನಾಗಿದ್ದ.

ಮುಂದಿನದು ಕುಳವಾಡಿಯ ಮಾತು. ಊರೆಂಬ ಊರಿನ ಸಕಲ ಜಾತಿಯವರೂ ಒಪ್ಪುತ್ತಾರಂತೆ: ನ್ಯಾಯವಾಗಿ ಊರಿನ ಒಡೆಯ ಕುಳವಾಡಿಯೇ. ಎರಡು ಊರಿನ ನಡುವೆ ಗಡಿ ತಂಟೆ ಬಂದರೆ ಆಣೆ ಮಾಡಿ ಹೇಳಬಲ್ಲವನು ಅವನೊಬ್ಬನೇ. ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಗಡಿಗುಂಟ ನಡೆಯುತ್ತಾನೆ. ಸರಿಯಾದ ಜಾಡಿನಲ್ಲಿ ನಡೆದರೆ ಸರಿ. ತಪ್ಪಿ ಗೆರೆ ದಾಟಿದರೆ ಉಂಡೆ ತಾನಾಗಿ ಒಡೆದು ಬೀಳುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳುಬೀಳುತ್ತದೆ. ಊರು ಕಟ್ಟುವಾಗ ನೆಟ್ಟ ಕರುಗಲ್ಲಿಗೆ ವರ್ಷಕ್ಕೊಮ್ಮೆ ಪಟೇಲ ಎಡೆ ಇಡುತ್ತಾನೆ, ಆ ಎಡೆ ಕುಳವಾಡಿಗೆ. ಪಟೇಲ ಇಲ್ಲದ ಕಡೆ ಪೂಜೆಯೂ ಕುಳವಾಡಿಯದೇ. ಸೀಮೆಯೊಳಗೆ ಸತ್ತ ದನದ ಚರ್ಮ ಅವನದು. ಎಷ್ಟೋ ಸಲ ಗಡಿ ತೀರ್ಮಾನ ಆಗುವುದೇ ಯಾವ ಊರ ಕುಳವಾಡಿ ಎಲ್ಲಿಯ ತನಕ ಚರ್ಮ ಎತ್ತುತ್ತಿದ್ದ ಎಂಬುದರ ಮೇಲೆ. ಯಾರೇ ಸತ್ತರೂ ಅವರ ಕಡೆಯವರು ಕುಳವಾಡಿಗೆ ನೆಲಹಾಗ ಕೊಡಬೇಕು. ಹಾಗ ಅಂದರೆ ಒಂದು ಆಣೆ ಎರಡು ಪೈ. ಹೂಳುವ ನೆಲವನ್ನು ಅವನಿಂದ ಕೊಂಡ ಲೆಕ್ಕ ಅದು. ಮಂಜರಾಬಾದು ಸೀಮೆಯಲ್ಲಿ ಊರ ಯಜಮಾನನ ಮನೆಯಲ್ಲಿ ಸಾವಾದರೆ ಕುಳವಾಡಿ ತಲೆ ಬೋಳಿಸಿಕೊಂಡು ಮೈಲಿಗೆ ಹಿಡಿಯುತ್ತಾನೆ. ಇಷ್ಟಾದರೂ ಅವನ ಮೇಲೂ ಒಬ್ಬ ಇದ್ದಾನೆ: ಸುಡುಗಾಡು ಸಿದ್ಧ. ಅವನ ಕಡೆಯವನಿಗೆ ಕುಳವಾಡಿ ವರ್ಷಕ್ಕೆ ಒಂದು ಕೋಳಿ, ಒಂದು ಹಣ, ಒಂದು ಹಿಡಿ ಅಕ್ಕಿ ಒಪ್ಪಿಸಬೇಕು.

ಇದನ್ನು ಓದುವುದು ಹೇಗೆ? ಎರಡು ಓದು ನನಗೆ ಕಂಡಿವೆ, ಎರಡೂ ನನಗೆ ಒಪ್ಪಿಗೆ ಇಲ್ಲ.

ಒಂದು ಮೆಕೆಂಜಿಯದೇ ಓದು. ಹೊಲೆಯನೇ ಈ ನೆಲವನ್ನು ಮೊದಲು ಹಿಡಿದವನು, ಆಮೇಲೆ ಬಂದವರು ಅವನನ್ನು ಕೆಳಕ್ಕೆ ತಳ್ಳಿದರು, ಈ ಆಚಾರಗಳು ಆ ಹಳೆಯ ಒಡೆತನದ ಕುರುಹು ಅಂತ. ನಮ್ಮ ಗೆಳೆಯರಲ್ಲಿ ಬಹಳ ಜನಕ್ಕೆ ಈ ಮಾತು ಕೇಳಿದರೆ ಎದೆ ಉಬ್ಬುತ್ತದೆ. ಆ ಎದೆಯ ನೋವು ನನಗೂ ಗೊತ್ತು. ಆದರೆ ಸ್ವಲ್ಪ ತಾಳಿ. ಬ್ರಿಟಿಷ್ ಅಧಿಕಾರಿಗೆ ಎಲ್ಲವನ್ನೂ 'ಮೊದಲು ಬಂದವರು, ಆಮೇಲೆ ಬಂದವರು' ಅಂತ ಜನಾಂಗದ ಲೆಕ್ಕದಲ್ಲಿ ಜೋಡಿಸುವ ಚಟ. ಜೋಡಿಸಿಬಿಟ್ಟರೆ ಇವತ್ತು ನಡೆಯುವ ಅನ್ಯಾಯ ಎಂದೋ ನಡೆದ ಯುದ್ಧದ ಫಲ ಆಗಿಬಿಡುತ್ತದೆ, ಇವತ್ತಿನ ಪಟೇಲ ಬಚಾವಾಗುತ್ತಾನೆ. ಮೇಲಾಗಿ 'ನೀನೇ ಊರಿನ ಒಡೆಯ' ಅಂತ ಊರು ಒಪ್ಪಿದರೂ ಆ ಒಡೆಯನಿಗೆ ದಕ್ಕಿದ್ದೇನು? ಸತ್ತ ದನದ ಚರ್ಮ, ಸತ್ತವನ ಬಟ್ಟೆ, ಕಲ್ಲಿಗೆ ಇಟ್ಟ ಎಡೆ. ಬದುಕಿರುವ ಯಾವುದೂ ಅವನ ಪಾಲಿಗೆ ಬರಲಿಲ್ಲ. ಬಾಯಲ್ಲಿ ಒಡೆತನ ಕೊಟ್ಟು ಕೈಯಲ್ಲಿ ಭೂಮಿ ಇಟ್ಟುಕೊಳ್ಳುವ ಈ ಜಾಣತನವನ್ನು ನಾವು ಮಾನ್ಯತೆ ಅಂತ ತಪ್ಪು ತಿಳಿಯಬಾರದು.

ಇನ್ನೊಂದು ಓದು ವಿಶ್ವವಿದ್ಯಾಲಯದ್ದು. "ನೋಡಿ, ಹಳ್ಳಿಯಲ್ಲಿ ಪರಸ್ಪರ ಅವಲಂಬನೆ ಇತ್ತು, ಹೊಲೆಯನಿಗೂ ಗೌರವದ ಸ್ಥಾನ ಇತ್ತು, ಬ್ರಾಹ್ಮಣನೂ ಕೇರಿಗೆ ಹೆದರುತ್ತಿದ್ದ, ಎಂಥ ಸಮತೋಲನ!" ಇವರಿಗೆ ನಾನು ಹೇಳುವುದು ಒಂದೇ. ಬ್ರಾಹ್ಮಣ ಹೊಲಗೇರಿಗೆ ಬರದಿದ್ದರೆ ಅವನ ಹೊಟ್ಟೆಗೆ ಏನೂ ಕಮ್ಮಿಯಾಗುತ್ತಿರಲಿಲ್ಲ. ಹೊಲೆಯ ಊರೊಳಕ್ಕೆ ಹೋಗದಿದ್ದರೆ ಅವನ ಮನೆಯ ಒಲೆ ಹತ್ತುತ್ತಿರಲಿಲ್ಲ. ಎರಡು ಬೇಲಿಯೂ ಒಂದೇ ಅನ್ನುವವರು ಒಂದು ದಿನ ಉಪವಾಸ ಇದ್ದು ನೋಡಲಿ.

ನನಗೆ ಮೆಕೆಂಜಿಯ ಬರಹದಲ್ಲಿ ಮುಖ್ಯವಾಗಿ ಕಾಣುವುದು ಒಡೆತನವೂ ಅಲ್ಲ, ಗೌರವವೂ ಅಲ್ಲ. ಅದು ಅರಿವು. ಕುಳವಾಡಿಯ ತಲೆಯೊಳಗೆ ಊರಿನ ನಕ್ಷೆ ಇತ್ತು. ಯಾವ ಹುಣಸೆಮರದ ಬಳಿ ಗಡಿ ತಿರುಗುತ್ತದೆ, ಯಾವ ಹಳ್ಳದ ಅಂಚಿನಲ್ಲಿ ಪಕ್ಕದೂರಿನ ನೆಲ ಶುರುವಾಗುತ್ತದೆ, ಯಾರ ತಾತನನ್ನು ಎಲ್ಲಿ ಹೂಳಿದೆ, ಎಲ್ಲ ಅವನಿಗೆ ಗೊತ್ತು. ಈ ಅರಿವನ್ನು ಅವನು ಸುಮ್ಮನೆ ಸಂಪಾದಿಸಲಿಲ್ಲ. ಸತ್ತ ದನ ಎಳೆಯಲು, ಹೆಣದ ಸುದ್ದಿ ಮುಟ್ಟಿಸಲು, ಕಂದಾಯಕ್ಕೆ ಜನ ಕರೆಯಲು, ರಾತ್ರಿ ಹೊಲ ಕಾಯಲು ಅವನನ್ನು ಸೀಮೆಯ ತುಂಬ ಓಡಾಡಿಸಿದರು. ಓಡಾಡಿ ಓಡಾಡಿ ಅವನ ಕಾಲಿಗೆ ಊರು ಬಾಯಿಪಾಠವಾಯಿತು. ಹಾಗೆ ಗಳಿಸಿದ ಅರಿವಿಗೆ ಜೀವವನ್ನೇ ಒತ್ತೆ ಇಡಬೇಕಿತ್ತು, ಮನೆಯನ್ನೂ ಕೂಡ. ಗೆರೆ ತಪ್ಪಿದರೆ ಹಾಳಾಗುವುದು ಅವನ ಮನೆ. ತಂಟೆ ಮಾಡಿದ ಗೌಡರ ಮನೆಗಳು ಹಾಗೇ ಇರುತ್ತವೆ!

ಈಗ ಕಾಲವನ್ನು ಗಮನಿಸಿ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1860ರ ದಶಕದಲ್ಲಿ. ಮೆಕೆಂಜಿ ಬರೆದದ್ದು 1873ರಲ್ಲಿ. ಅಂದರೆ ಮಣ್ಣಿನ ಉಂಡೆ ಹೊತ್ತವನ ಜಾಗಕ್ಕೆ ಸರಪಳಿ ಹಿಡಿದವನು ಬರುತ್ತಿದ್ದ ಹೊತ್ತು ಅದು. ಸರಪಳಿ ಎಳೆದು, ಬಾಂದುಕಲ್ಲು ನೆಟ್ಟು, ಪ್ರತಿ ಹೊಲಕ್ಕೂ ಸರ್ವೆ ನಂಬರು ಕೊಟ್ಟರು. ಆ ಮೇಲೆ ಗಡಿ ತಂಟೆಗೆ ಕುಳವಾಡಿ ಬೇಕಾಗಲಿಲ್ಲ, ನಕ್ಷೆ ಸಾಕಾಯಿತು. ಒಬ್ಬ ಮನುಷ್ಯನ ತಲೆಯೊಳಗಿದ್ದದ್ದು ಕಾಗದದ ಮೇಲೆ ಬಂತು. ಅವನ ಹೆಸರು ಮಾತ್ರ ಆ ಕಾಗದಕ್ಕೆ ಬರಲಿಲ್ಲ. ಹೊಲಕ್ಕೆ ನಂಬರು ಬಿತ್ತು, ಊರೊಳಗಿನ ಮನೆಗಳ ಜಾಗ ಗ್ರಾಮಠಾಣಾ ಅಂತ ಒಟ್ಟಿಗೆ ಸೇರಿತು. ಕೇರಿ ಎಷ್ಟೋ ಕಡೆ ಗ್ರಾಮಠಾಣಾದ ಆಚೆ, ಗೋಮಾಳದ ಅಂಚಿನಲ್ಲೋ ಯಾರದೋ ಹೊಲದ ಬದುವಿನಲ್ಲೋ ಉಳಿಯಿತು. ಪ್ಲೇಗು ಬಂದಾಗ, ಬರ ಬಂದಾಗ, ಯಜಮಾನ ಎಬ್ಬಿಸಿದಾಗ ಮಣ್ಣಿನ ಗೋಡೆಗಳು ಅಲ್ಲೇ ಕರಗಿ ಹೊಲಕ್ಕೆ ಗೊಬ್ಬರವಾದವು. ಎರಡು ಮಳೆಗಾಲ ಕಳೆದರೆ ಅಲ್ಲಿ ಮನೆ ಇತ್ತು ಅನ್ನುವುದಕ್ಕೆ ಒಂದು ಒರಳುಕಲ್ಲು, ಒಂದು ನುಗ್ಗೇಮರ ಉಳಿದರೆ ಹೆಚ್ಚು.

ಇದು ಬರೀ ಹಳೇ ಕಥೆಯಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಇವತ್ತು ನಮ್ಮ ಹುಡುಗರು ತಾಲ್ಲೂಕು ಕಚೇರಿಗಳ ಮುಂದೆ ನಿಂತಿರುವುದು ಇದೇ ಕಥೆಯ ಮುಂದಿನ ಅಧ್ಯಾಯ. ತೋಟಿ, ತಳವಾರ ಮುಂತಾದ ಹಳ್ಳಿ ಚಾಕರಿಗಳನ್ನು 1961ರ ಕಾಯಿದೆ ರದ್ದು ಮಾಡಿತು, 1963ರಿಂದ ಜಾರಿಗೆ ಬಂತು. ಚಾಕರಿಗೆ ಬಿಟ್ಟಿದ್ದ ಇನಾಂ ತುಂಡುಗಳನ್ನು ಚಾಕರಿ ಮಾಡಿದವರಿಗೇ ಮರುಮಂಜೂರು ಮಾಡಬೇಕಿತ್ತು. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಭೂಮಿ ಪರಭಾರೆಯಾದರೆ ಅದನ್ನು ಹಿಂದಕ್ಕೆ ಕೊಡಿಸಲು 1978ರಲ್ಲಿ ಪಿಟಿಸಿಎಲ್ ಕಾಯಿದೆ ಬಂತು. ಕಾಯಿದೆಯಲ್ಲಿ ಇಷ್ಟೇ ದಿನದೊಳಗೆ ಅರ್ಜಿ ಹಾಕಬೇಕು ಅಂತ ಇರಲಿಲ್ಲ. ಆದರೆ 2017ರಲ್ಲಿ ಸುಪ್ರೀಂ ಕೋರ್ಟು 'ಸಮಂಜಸ ಅವಧಿ'ಯೊಳಗೆ ಕೇಳಬೇಕಿತ್ತು ಅಂದಿತು. ಆ ಒಂದು ಮಾತಿನ ಮೇಲೆ ಕೇಸುಗಳು ಒಂದರ ಹಿಂದೆ ಒಂದು ಬಿದ್ದವು. ಹೋರಾಟ ನಡೆದು 2023ರಲ್ಲಿ ತಿದ್ದುಪಡಿ ಬಂತು. ಕಾಲಮಿತಿಯ ತೊಡಕನ್ನು ಅದು ತೆಗೆದರೂ ಉಳಿದದ್ದು ಉಳಿದೇ ಇದೆ. ಮೂಲ ಮಂಜೂರಾತಿ ತೋರಿಸು, ಸಾಗುವಳಿ ಚೀಟಿ ತೋರಿಸು, ವಂಶವೃಕ್ಷ ಮಾಡಿಸಿಕೊಂಡು ಬಾ, ನಿಮ್ಮ ತಾತ ಇದೇ ಊರಿನಲ್ಲಿ ಇದ್ದ ಅಂತ ರುಜುವಾತು ಮಾಡು.

ಹೇಗೆ ಮಾಡುವುದು? ಹಳೆಯ ಕಾಗದದಲ್ಲಿ 'ಕರಿಯ ಬಿನ್ ಕೆಂಚ' ಅಂತ ಇರುತ್ತದೆ. ಒಂದೊಂದು ಹಟ್ಟಿಯಲ್ಲಿ ನಾಲ್ಕು ಜನ ಕರಿಯ, ಅವರಪ್ಪಂದಿರಲ್ಲಿ ಮೂರು ಜನ ಕೆಂಚ. ಗೌಡರಿಗೆ ಮನೆತನದ ಹೆಸರಿದೆ, ಅಯ್ಯನವರಿಗೆ ಗೋತ್ರ ಇದೆ. ನಮ್ಮವರಿಗೆ ಬಣ್ಣ ಇದೆ, ವಾರ ಇದೆ. ಹೆಂಗಸರ ಪಾಡು ಇನ್ನೂ ಬೇರೆ. ಅಜ್ಜಿ ಕಾಗದದಲ್ಲಿ 'ಕೋಂ' ಆದಮೇಲೆ ಅವಳ ತವರು ಯಾವುದು, ಯಾವ ಹಟ್ಟಿಯ ಅಂಗಳದಿಂದ ಎದ್ದು ಬಂದಳು ಅನ್ನುವುದು ಎಲ್ಲಿಯೂ ಇಲ್ಲ. ಪಂಚಾಯ್ತಿಯ ಹಳೇ ಪುಸ್ತಕದಲ್ಲಿ ಮನೆಯ ಖಾನೇಷುಮಾರಿ ನಂಬರು ಇದ್ದರೆ ಪುಣ್ಯ. ಕೇರಿಯ ಮನೆಗಳನ್ನು ಎಣಿಸಿದ್ದಾರೋ ಇಲ್ಲವೋ ಅನ್ನುವುದು ಎಣಿಸಲು ಬಂದವನು ಬೇಲಿ ದಾಟಿದನೋ ಇಲ್ಲವೋ ಎಂಬುದರ ಮೇಲೆ ನಿಂತ ವಿಷಯ. ಸಾಲುಸಾಲಾಗಿ ನಿಂತವರಿಗೆ ಗುಮಾಸ್ತ ಹೇಳುವುದು ಒಂದೇ ಮಾತು: "ದಾಖಲೆ ಇಲ್ಲ ಕಣಪ್ಪ." ಊರಿಗೆಲ್ಲ ಗಡಿ ಹೇಳಿಕೊಟ್ಟವನ ಮೊಮ್ಮಗನಿಗೆ ನಿನ್ನ ಚೆಕ್ಕುಬಂದಿ ಏನು ಅಂತ ಕೇಳುತ್ತಿದ್ದಾರೆ, ಗೆಳೆಯರೇ.

ಅರಸೀಕೆರೆ ಸೀಮೆಯಲ್ಲಿ ಲಂಬಾಣಿ ತಾಂಡಾಗಳು, ಗೊಲ್ಲರಹಟ್ಟಿಗಳು ಬಹಳ. ಇವೂ ಕಾಗದದಲ್ಲಿ ಊರುಗಳಲ್ಲ. ಇನ್ನೊಂದೂರಿನ ಬಾಲದಲ್ಲಿ ನೇತುಹಾಕಿದ ಜಾಗಗಳು. ಭೂಸುಧಾರಣೆ ಕಾಯಿದೆಗೆ 38ಎ ಅಂತ ಹೊಸ ಕಲಮು ಸೇರಿಸಿ ಇಂಥ ಕಡೆ ವಾಸ ಇರುವವನಿಗೆ ಮನೆಯ ಜಾಗದ ಹಕ್ಕು ಕೊಡುವ ಕೆಲಸ ಇತ್ತೀಚಿನ ವರ್ಷಗಳಲ್ಲಿ ಶುರುವಾಯಿತು. ಬೇಡ ಅನ್ನುವುದಿಲ್ಲ. ಅರಸೀಕೆರೆ ಪೇಟೆಯೊಳಗೂ ಹುಡುಕುವವನಿಗೆ ಇದೇ ಗತಿ. ರೈಲು ಜಂಕ್ಷನ್ ಆದಮೇಲೆ ಮಣ್ಣು ಹೊರಲು, ಮೂಟೆ ಹೊರಲು ಎಲ್ಲೆಲ್ಲಿಂದಲೋ ಜನ ಬಂದರು. ಯಾರ್ಡಿನ ಮಗ್ಗುಲಲ್ಲಿ, ಕೊಬ್ಬರಿ ಮಂಡಿಯ ಹಿಂದೆ ಗುಡಿಸಲು ಹಾಕಿಕೊಂಡರು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಹಳೇ ಹಳಿಯ ಜೊತೆಗೆ ಹಳೇ ಅಂಗಳವೂ ಎದ್ದುಹೋಯಿತು.

ಬೇಲೂರಿಗೆ ಬರೋಣ. ಅಂಗಳ ಅನ್ನುವ ಮಾತಿಗೆ ಅಲ್ಲೊಂದು ಅರ್ಥ ಇದೆ. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಒಂದು ಐತಿಹ್ಯ ಬರೆದಿದ್ದಾನೆ. ಚೆನ್ನಿಗರಾಯನನ್ನು ಬಾಬಾಬುಡನ್ ಬೆಟ್ಟದಿಂದ ತಂದರಂತೆ, ದೇವಿ ಅಲ್ಲೇ ಉಳಿದಳಂತೆ. ಅದಕ್ಕೆ ದೇವರು ಆಗಾಗ ಬೆಟ್ಟಕ್ಕೆ ಹೋಗಿ ಬರಬೇಕು. ಹೋಗಿ ಬಂದು ಮೆಟ್ಟು ಸವೆಯುತ್ತದೆ. ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಮೆಟ್ಟು ಹೊಲಿಯುವವರಿಗೆ ಕನಸು ಬೀಳುತ್ತದೆ. ಅವರು ಹೊಸ ಮೆಟ್ಟು ಹೊಲಿದು ತಂದು ಒಪ್ಪಿಸುತ್ತಾರೆ. ಒಪ್ಪಿಸುವುದಕ್ಕಾಗಿ ಅವರಿಗೆ ಗುಡಿಯ ಅಂಗಳದ ತನಕ ಪ್ರವೇಶ. ಇನ್ನು ಹೊಲೆಯರಿಗೆ, ಮೇಲುಕೋಟೆಯಲ್ಲಿ ಇದ್ದ ಹಾಗೆ ಬೇಲೂರಿನಲ್ಲೂ, ವರ್ಷಕ್ಕೆ ಮೂರು ದಿನ ಗುಡಿಯೊಳಕ್ಕೆ ಹೋಗುವ ಹಕ್ಕು ಇತ್ತು ಅಂತಲೂ ರೈಸ್ ಬರೆಯುತ್ತಾನೆ.

ಈ ಐತಿಹ್ಯವನ್ನು ಪ್ರವಾಸಿಗರಿಗೆ ಚಂದದ ಕಥೆಯಾಗಿ ಹೇಳಬಹುದು. ಹಾಗಲ್ಲದೆ ಕಾಲಿನ ಕಡೆಯಿಂದ ಓದಿ ನೋಡಿ. ದೇವರ ಕಾಲು ಬೆಟ್ಟಕ್ಕೆ ಹೋಗುತ್ತದೆ, ಬರುತ್ತದೆ. ಮಾದಿಗರ ಕಾಲು ಚನ್ನಗಿರಿಯಿಂದ ಬೇಲೂರಿನ ತನಕ ಬಂದು ಅಂಗಳದಲ್ಲಿ ನಿಲ್ಲುತ್ತದೆ. ಅವರ ಕೈ ಮುಟ್ಟಿದ ಚರ್ಮ ದೇವರ ಕಾಲು ಮುಟ್ಟಬಹುದು, ಅವರ ಕಾಲು ಹೊಸಿಲು ಮುಟ್ಟುವಂತಿಲ್ಲ. ಆದರೆ ನಾನು ಹುಡುಕುತ್ತಿರುವುದು ಅವಮಾನದ ಲೆಕ್ಕವನ್ನು ಮಾತ್ರವಲ್ಲ. ಆ ಕಥೆಯಲ್ಲಿ ಚನ್ನಗಿರಿ ಇದೆ, ಬಸವಾಪಟ್ಟಣ ಇದೆ. ದಾಸೋಜನಿಗೆ ಬಳ್ಳಿಗಾವೆ ಇದ್ದ ಹಾಗೆ ಹೆಸರಿಲ್ಲದ ಈ ಜನಕ್ಕೂ ಒಂದು ಊರಿನ ಹೆಸರು ಉಳಿದುಕೊಂಡಿದೆ. ಉಳಿಸಿದ್ದು ಕಲ್ಲೂ ಅಲ್ಲ, ಕಾಗದವೂ ಅಲ್ಲ. ಮಾಡುತ್ತಿದ್ದ ಕೆಲಸ ಉಳಿಸಿತು. ಎಷ್ಟು ದೂರ ನಡೆದರು, ಏನು ಹೊತ್ತರು, ಎಲ್ಲಿ ನಿಲ್ಲಿಸಲ್ಪಟ್ಟರು, ಇದರ ಜಾಡು ಹಿಡಿದು ಹಿಂದಕ್ಕೆ ಹೋದರೆ ಒಂದು ಅಂಗಳ ಸಿಗುತ್ತದೆ. ಮನೆ ಸಿಗದಿರಬಹುದು, ಅಂಗಳ ಸಿಗುತ್ತದೆ.

ನಮ್ಮ ಸಾಹಿತ್ಯದಲ್ಲೂ ಇದೇ ಜಾಡು ಇದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದಾಗ ಅದರ ಹೆಗ್ಗಡೆಗಳ ಮನೆಗಳ ಬಗ್ಗೆ ವಿಮರ್ಶಕರು ಬರೆದರು, ಇವತ್ತಿಗೂ ಬರೆಯುತ್ತಾರೆ. ಆದರೆ ಆ ಕಾದಂಬರಿಯ ದಾರಿಗಳನ್ನೆಲ್ಲ ನಮಗೆ ಪರಿಚಯ ಮಾಡಿಸುವವನು ಸಿಂಬಾವಿ ಹೆಗ್ಗಡೆಯ ಜೀತದಾಳು ಗುತ್ತಿ. ಬೆಟ್ಟಳ್ಳಿಯ ಹೊಲಗೇರಿಯಿಂದ ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಅವನು ನಾಯಿ ಹುಲಿಯನನ್ನು ಕಟ್ಟಿಕೊಂಡು ಕಾಡು ತುಂಬ ತಿರುಗುತ್ತಾನೆ. ಆ ಸೀಮೆಯ ನಕ್ಷೆ ಇರುವುದು ಅವನ ಕಾಲಲ್ಲಿ. ಅವನನ್ನು ನಾನು ಮೆಕೆಂಜಿಯ ಕುಳವಾಡಿಯ ಪಕ್ಕದಲ್ಲಿ ನಿಲ್ಲಿಸಿ ಓದುತ್ತೇನೆ. ಹಾಗೆ ಓದಿದರೆ ಹೆಗ್ಗಡೆಯ ತೊಟ್ಟಿಮನೆ ಕಾದಂಬರಿಯ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ.

ದೇವನೂರ ಮಹಾದೇವರ '‌ಒಡಲಾಳ'ದಲ್ಲಿ ಸಾಕವ್ವನ ಮನೆಯ ಒಳಗು ನಮಗೆ ಕಾಣುತ್ತದೆ. ಕಳುವಾದ ಕಡಲೆಕಾಯಿ ಹುಡುಕಲು ಪೊಲೀಸರು ಬರುತ್ತಾರೆ. ರಾತ್ರಿಯೆಲ್ಲ ಮನೆಮಂದಿ ಕೂತು ತಿಂದು ಮುಗಿಸಿದ ಕಡಲೆಕಾಯಿ ಅದು. ನಮ್ಮ ಮನೆಯ ಒಳಗನ್ನು ಸರ್ಕಾರ ಬರೆದುಕೊಳ್ಳುವುದು ಮಹಜರಿನಲ್ಲಿ ಮಾತ್ರ. ದೇವನೂರರ ದೊಡ್ಡತನ ಎಂದರೆ ಆ ಮಹಜರು ಶುರುವಾಗುವ ಮುಂಚೆಯೇ ಆ ಒಂದು ರಾತ್ರಿಯ ಮನೆಯನ್ನು ಅದರ ನಗೆ, ಹಸಿವು, ಸಿಪ್ಪೆಯ ಸಮೇತ ಬರೆದಿಟ್ಟದ್ದು. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ 'ಊರುಕೇರಿ' ಅಂತ ಹೆಸರಿಟ್ಟರು, ಮನೆಯ ಹೆಸರಿಡಲಿಲ್ಲ. ಅದು ಸರಿಯಾದ ಹೆಸರು.

ಇವರ ನಂತರ ಬಂದ ನಮ್ಮ ಎಷ್ಟೋ ಆತ್ಮಕಥನಗಳ ಬಗ್ಗೆ ನನಗೆ ಒಂದು ಗುಮಾನಿ ಇದೆ, ಹೇಳಿಬಿಡುತ್ತೇನೆ. ಮೊದಲ ಅಧ್ಯಾಯದಲ್ಲಿ ವಂಶ ಹೇಳಲೇಬೇಕು ಅಂತ ನಾವೂ ಹೊರಡುತ್ತೇವೆ. ಮುತ್ತಾತ ಬಲು ಗಟ್ಟಿಗ, ಅವನಿಗೆ ಅರಸು ಖಡ್ಗ ಕೊಟ್ಟಿದ್ದ, ನಮ್ಮದು ಮೊದಲು ದೊಡ್ಡ ಮನೆ, ಆಮೇಲೆ ಹಾಳಾಯಿತು ಅಂತ. ಇದು ಮೇಲಿನವರ ಮನೆತನದ ಚರಿತ್ರೆಯ ಅಚ್ಚು. ನಮ್ಮ ಅಜ್ಜಂದಿರನ್ನು ಅದರಲ್ಲಿ ಸುರಿದರೆ ಅವರು ಸಣ್ಣ ಅರಸರಾಗಿ ಹೊರಬರುತ್ತಾರೆ, ಅಜ್ಜಿಯಂದಿರು ಹೊರಕ್ಕೇ ಬರುವುದಿಲ್ಲ. ಹೊಯ್ಸಳೇಶ್ವರನ ಗುಡಿಯ ಬಳಿ ಕುವರ ಲಕ್ಷ್ಮನ ಕಂಬ ಇದೆ. ಒಡೆಯ ಬಲ್ಲಾಳ ಸತ್ತನೆಂದು ತಾನೂ ಹೆಂಡತಿಯೂ ಸಾವಿರ ಜನ ವೀರರೂ ಪ್ರಾಣ ಕೊಟ್ಟ ಗುರುತು ಅದು, ತಲೆ ಕಡಿದುಕೊಳ್ಳುವ ಚಿತ್ರಗಳೂ ಇವೆ. ಆ ಸಾವಿರ ಜನರಲ್ಲಿ ನಮ್ಮವನೂ ಒಬ್ಬ ಇದ್ದ ಅಂತ ಹೇಳಿಕೊಳ್ಳುವುದರಲ್ಲಿ ನಮಗೇನು ಲಾಭ? ಒಡೆಯನಿಗಾಗಿ ಸಾಯುವುದನ್ನು ನಾವು ಸಾಲದು ಎಂಬಷ್ಟು ಮಾಡಿದ್ದೇವೆ. ನನಗೆ ಬೇಕಾದದ್ದು ಮಣ್ಣಿನ ಉಂಡೆ ಹೊತ್ತು ನಡೆದು ಬದುಕಿ ಮನೆಗೆ ಬಂದವನ ಕಥೆ. ಅವನು ಬರುವ ತನಕ ಹಟ್ಟಿಯಲ್ಲಿ ಕಾದವಳ ಕಥೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಳ್ಳೆಯದೇ ಆಯಿತು, ಬಳಪದ ಕಲ್ಲು ಇನ್ನಷ್ಟು ಕಾಲ ಉಳಿಯಲಿ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ, ಅದರಾಚೆ ಇನ್ನೂರು ಮೀಟರ್ ತನಕ ಅಪ್ಪಣೆ ಬೇಕು, ಇದು 2010ರಿಂದ ಕಾನೂನು. ಗುಡಿಯ ಸುತ್ತ ಇರುವ ಬಡವನಿಗೆ ಸೋರುವ ಸೂರು ರಿಪೇರಿ ಮಾಡಲೂ ಅರ್ಜಿ ಬೇಕು. ಹಳೆಯ ಬೀಡನ್ನು ಕಾಪಾಡುವವರು ಅದರ ಸುತ್ತ ಇವತ್ತು ಇರುವ ಬೀಡುಗಳ ಒಂದು ಪಟ್ಟಿಯನ್ನೂ ಮಾಡಬಹುದಿತ್ತು. ಯಾವ ಕೇರಿ ಎಲ್ಲಿಂದ ಎಲ್ಲಿಗೆ ಸರಿಯಿತು, ಯಾವ ಬಾವಿ ಯಾರದು ಅಂತ. ಅಗೆದು ತೆಗೆಯುವವರಿಗೆ ಗುಡಿಯ ಪಾಯ ಸಿಕ್ಕರೆ ಹಬ್ಬ. ಮಣ್ಣಿನ ಗೋಡೆಯ ಬುಡ ಸಿಕ್ಕರೂ ಅಷ್ಟೇ ನಿಧಾನವಾಗಿ ಕುಂಚ ಆಡಿಸುವ ದಿನ ಬರಲಿ.

ಅಲ್ಲಿಯ ತನಕ ಕೆಲಸ ನಮ್ಮದೇ. ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲ್ಲಿನ ಹುಡುಗ ಹುಡುಗಿಯರಿಗೆ ಕೇಳುವುದು ಇಷ್ಟು. ನಿಮ್ಮೂರಿನ ಕರುಗಲ್ಲು ಎಲ್ಲಿದೆ, ಅದಕ್ಕೆ ಎಡೆ ಇಡುತ್ತಿದ್ದವರು ಯಾರು? ಕುಳವಾಡಿ ಮನೆಯವರು ಈಗ ಎಲ್ಲಿದ್ದಾರೆ? ನೆಲಹಾಗ ಎಂಬ ಮಾತು ಯಾವ ಮುದುಕರ ಬಾಯಲ್ಲಾದರೂ ಇನ್ನೂ ಉಳಿದಿದೆಯೇ? ನಿಮ್ಮ ಕೇರಿ ಈಗಿರುವ ಜಾಗಕ್ಕೆ ಬರುವ ಮುಂಚೆ ಎಲ್ಲಿತ್ತು, ಆ ಹಾಳುಹಟ್ಟಿಯ ಹೊಲಕ್ಕೆ ಈಗ ಯಾರ ಹೆಸರಲ್ಲಿ ಪಹಣಿ ಬರುತ್ತದೆ? ನಿಮ್ಮ ಅಜ್ಜಿ ಯಾವ ಊರಿನಿಂದ ಬಂದಳು, ಬರುವಾಗ ಏನು ಹೊತ್ತು ತಂದಳು? ಕೇಳಿ ಬರೆದು ಕಳಿಸಿ. ಬರೆಯಲು ಬಾರದ ಹಿರಿಯರಿದ್ದರೆ ಅವರು ಹೇಳಿದ ಮಾತನ್ನು ತಿದ್ದದೆ ಹಾಗೇ ಬರೆಯಿರಿ. ಎರಡು ಸಾಲಾದರೂ ಸರಿ, ಒಂದು ಕಾರ್ಡಾದರೂ ಸರಿ. ಊರಿನ ಹೆಸರು, ತಾಲ್ಲೂಕಿನ ಹೆಸರು ಮಾತ್ರ ಮರೆಯದೆ ಹಾಕಿ.